ನೂರು ಸಲ ತೊಳೆದ ತುಪ್ಪ

ತುಪ್ಪ ತೊಳೆಯುವುದು ಹೀಗೆ. ತಾಮ್ರದ ಹರಿವಾಣವನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತೊಳೆದು, ಒಣಬಟ್ಟೆಯಲ್ಲಿ ಒರೆಸಬೇಕು. ಅದರಲ್ಲಿ ಒಂದು ಪಾವು ಹಸುವಿನ ತುಪ್ಪ ಹಾಕಿ, ಒಂದು ಬೊಗಸೆ ಬಾವಿನೀರು ಬಿಟ್ಟು, ಅಂಗೈಯಿಂದ ಒಂದೇ ದಿಕ್ಕಿಗೆ ತಿರುವುತ್ತಾ ಉಜ್ಜಬೇಕು. ಮೊದಲು ನೀರು ತುಪ್ಪದಿಂದ ತಪ್ಪಿಸಿಕೊಂಡು ಓಡಾಡುತ್ತದೆ. ಸ್ವಲ್ಪ ಹೊತ್ತಿಗೆ ಒಳಗೆ ಸೇರಿಕೊಳ್ಳುತ್ತದೆ. ಇನ್ನೂ ಉಜ್ಜಿದರೆ ಮತ್ತೆ ಹೊರಗೆ ಬಿಡುತ್ತದೆ. ಆ ನೀರನ್ನು ಬಗ್ಗಿಸಿ ಚೆಲ್ಲಿದರೆ ಒಂದು ಸಲ ತೊಳೆದಂತಾಯಿತು. ಹೀಗೆ ನೂರು ಸಲ. ಮೂವತ್ತರ ಹೊತ್ತಿಗೆ ಹಳದಿ ಹೋಗುತ್ತದೆ, ಅರವತ್ತರ ಹೊತ್ತಿಗೆ ವಾಸನೆ ಹೋಗುತ್ತದೆ. ನೂರಕ್ಕೆ ಅದನ್ನು ತುಪ್ಪವೆಂದು ಹೇಳಿದರೆ ಯಾರೂ ನಂಬುವುದಿಲ್ಲ. ಬೆಳ್ಳಗೆ, ತಣ್ಣಗೆ, ಹಚ್ಚಿದರೆ ಜಿಡ್ಡು ಉಳಿಸದೆ ಚರ್ಮದೊಳಗೆ ಇಳಿಯುತ್ತದೆ.

ಈ ಕ್ರಮ ನಮ್ಮ ಅಜ್ಜಿಗೆ ಅವಳ ಅಪ್ಪನಿಂದ ಬಂದದ್ದು. ಅವರು ಹರಿಹರಪುರದ ಹತ್ತಿರದ ಹಳ್ಳಿಯೊಂದರಲ್ಲಿ ಪಂಡಿತರಾಗಿದ್ದರಂತೆ. ನಾಡಿ ನೋಡಿ ಔಷಧಿ ಕೊಡುವುದರ ಜೊತೆಗೆ ಮದುವೆ ಮನೆಗಳಿಗೆ ಮೈಗೂ ಮುಖಕ್ಕೂ ಹಚ್ಚುವುದನ್ನೆಲ್ಲ ಮಾಡಿಕೊಡುತ್ತಿದ್ದರು. ಅವರ ಕೈಬರಹದ ಪುಸ್ತಕ ನಮ್ಮ ಮನೆಯಲ್ಲಿತ್ತು. ಗರುಗದ ಸೊಪ್ಪಿನ ತಲೆಎಣ್ಣೆ, ಹರಳೆಣ್ಣೆ ದೀಪದ ಕಾಡಿಗೆ, ಕಚೋರ ಮತ್ತು ಕಸ್ತೂರಿ ಅರಿಸಿನದ ಮುಖದ ಪುಡಿ, ಹಲ್ಲುಪುಡಿ, ಕೊನೆಯಲ್ಲಿ ಈ ತುಪ್ಪ. ಏನೇನು ಎಷ್ಟೆಷ್ಟು, ಏನು ಮಾಡಬೇಕು, ಏನು ಮಾಡಬಾರದು ಎಂದೆಲ್ಲ ಬರೆದಿತ್ತು. ಯಾಕೆ ಎಂದು ಮಾತ್ರ ಎಲ್ಲೂ ಬರೆದಿರಲಿಲ್ಲ. ತುಪ್ಪದ ಪುಟದ ಕೊನೆಯ ಸಾಲು ಹೀಗಿತ್ತು: ಹೊತ್ತು ಮುಳುಗುವುದರೊಳಗೆ ತಾಮ್ರದಿಂದ ತೆಗೆದು ಭರಣಿಗೆ ಹಾಕತಕ್ಕದ್ದು.

ನಾವು ಕೊಪ್ಪದಲ್ಲಿ ಬಸ್‌ಸ್ಟ್ಯಾಂಡಿನ ಹಿಂದಿನ ಸಾಲುಮನೆಯಲ್ಲಿದ್ದೆವು. ಅಪ್ಪ ಬಸ್ಸಿನ ಏಜೆಂಟ್. ಅಜ್ಜಿ ಮಾಡಿದ್ದನ್ನು ಪೇಟೆಯ ಬಳೆ ಅಂಗಡಿಯ ಸಾಹೇಬರು ಇಟ್ಟು ಮಾರುತ್ತಿದ್ದರು. ಗಾಜಿನ ಬಳೆ, ರಿಬ್ಬನ್ನು, ಅತ್ತರು, ಸುರುಮದ ನಡುವೆ ಅಜ್ಜಿಯ ಸಣ್ಣ ಬಾಟಲಿಗಳು ಕೂತಿರುತ್ತಿದ್ದವು. ಸ್ನೋ, ಪೌಡರು ಎಲ್ಲ ಅಂಗಡಿಗಳಲ್ಲೂ ಸಿಗುವ ಕಾಲ ಬಂದಿದ್ದರೂ "ಅಜ್ಜಿ ತುಪ್ಪ ಬಂದಿದ್ಯಾ?" ಎಂದು ಕೇಳಿಕೊಂಡು ಬರುವವರಿದ್ದರು. ಚಳಿಗೆ ಒಡೆದ ಕೆನ್ನೆಗೆ, ಹಿಮ್ಮಡಿಗೆ, ಮದುಮಗಳ ಮುಖಕ್ಕೆ, ಒಲೆ ತಾಗಿದ ಸುಟ್ಟಗಾಯಕ್ಕೆ.

ನನ್ನ ಪಾಲಿಗೆ ಬಂದ ಕೆಲಸ ಎಣಿಸುವುದು. ಏಳನೇ ಕ್ಲಾಸಿನಿಂದ ನಾನು ದಿನಚರಿ ಬರೆಯುತ್ತಿದ್ದೆ. ಅಜ್ಜಿ ಮೊದಲು ಹುಣಸೆಬೀಜಗಳನ್ನು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಹಾಕುತ್ತಾ ಎಣಿಸುತ್ತಿದ್ದಳು. ನಾನು ಅದನ್ನು ಬಿಡಿಸಿ, ನೋಟ್‌ಬುಕ್ಕಿನಲ್ಲಿ ನಾಲ್ಕು ಗೀಟು ಎಳೆದು ಐದನೆಯದನ್ನು ಅಡ್ಡ ಹಾಕುವ ಕ್ರಮ ತಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಯಾರು ಯಾವಾಗ ಯಾತಕ್ಕೆ ಒಯ್ದರು, ಮತ್ತೆ ಬಂದಾಗ ಏನು ಹೇಳಿದರು ಎಂದು ಬರೆದಿಟ್ಟೆ. ಎಂಬತ್ತನೇ ಇಸವಿ ಜನವರಿಯವರೆಗೆ ಸುಟ್ಟಗಾಯಕ್ಕೆ ಒಯ್ದವರು ಇಪ್ಪತ್ಮೂರು ಜನ. ವಾಸಿಯಾಯಿತು ಎಂದವರು ಹತ್ತೊಂಬತ್ತು. ಮತ್ತೆ ಬಾರದವರು ನಾಲ್ಕು. ವಾಸಿಯಾಗಲು ತೆಗೆದುಕೊಂಡದ್ದು ಸರಾಸರಿ ಹನ್ನೆರಡು ದಿನ. ಮನೆಯಲ್ಲಿ ಯಾವುದೇ ವಿಷಯಕ್ಕೆ ವಾದ ಬಂದರೂ ಅಜ್ಜಿ, "ಕೂಸಿನ ಪುಸ್ತಕದಲ್ಲಿ ಎಂತ ಇದೆ ನೋಡಿ" ಎನ್ನುತ್ತಿದ್ದಳು. ಅಲ್ಲಿಗೆ ವಾದ ಮುಗಿಯುತ್ತಿತ್ತು.

ಸಾಹೇಬರ ಮಗಳು ನನ್ನ ಜೊತೆ ಬಾಳಗಡಿಯ ಕಾಲೇಜಿನಲ್ಲಿ ಎರಡನೇ ಪಿ.ಯು.ಸಿ. ಓದುತ್ತಿದ್ದಳು. ದಿನಾ ಒಟ್ಟಿಗೆ ನಡೆದು ಹೋಗುತ್ತಿದ್ದೆವು. ಅವಳಿಗೆ ಟೀಚರ್ ಟ್ರೈನಿಂಗಿಗೆ ಸೇರುವ ಆಸೆ. ನರಸಿಂಹರಾಜಪುರದ ಕಡೆಯಿಂದ ಅವಳನ್ನು ಕೇಳಿ ಆಗಲೇ ಎರಡು ಸಲ ಹೇಳಿಕಳಿಸಿದ್ದರು. ಸಾಹೇಬರು, "ಪರೀಕ್ಷೆ ಮುಗೀಲಿ. ಪಾಸಾದ್ರೆ ಅವಳು ಓದ್ಲಿ, ಇಲ್ದಿದ್ರೆ ನೋಡೋಣ" ಎಂದು ಉತ್ತರ ಕೊಟ್ಟಿದ್ದರು. ಆದ್ದರಿಂದ ಏಪ್ರಿಲ್ ಪರೀಕ್ಷೆಯ ಮೇಲೆ ಅವಳ ಎಲ್ಲವೂ ನಿಂತಿತ್ತು.

ಜನವರಿ ಇಪ್ಪತ್ತೇಳು, ಭಾನುವಾರ. ಅವರ ಮನೆಯಲ್ಲಿ ಸೀಮೆಎಣ್ಣೆ ಸ್ಟೌಗೆ ಪಂಪು ಹಾಕುವಾಗ ಬೆಂಕಿ ಮೇಲೆದ್ದು ಅವಳ ಎಡಗೆನ್ನೆಗೆ ಬಡಿಯಿತು. ಕಿವಿಯ ಕೆಳಗಿನಿಂದ ದವಡೆಯವರೆಗೆ ಸುಟ್ಟಿತು. ಆಸ್ಪತ್ರೆಯಲ್ಲಿ ಪಟ್ಟಿ ಹಾಕಿ ಟ್ಯೂಬು ಕೊಟ್ಟರು. ಬೇರೆ ಏನೂ ಹಚ್ಚಬೇಡಿ, ಪೂರ್ತಿ ಒಣಗಲು ಇಪ್ಪತ್ತೈದು ದಿನ ಬೇಕು, ಅಲ್ಲಿಯವರೆಗೆ ಧೂಳಿನಲ್ಲಿ ಓಡಾಡಬಾರದು ಎಂದು ಡಾಕ್ಟರು ಹೇಳಿದರು.

ಮೂರನೆಯ ದಿನ ನೋಡಲು ಹೋದಾಗ ಅವಳು ಗೋಡೆಗೆ ಒರಗಿ ಕೂತಿದ್ದಳು. ಮಾತಾಡಿದರೆ ಪಟ್ಟಿ ಎಳೆಯುತ್ತದೆಂದು ಬಾಯಿಯ ಬಲಗಡೆಯಿಂದ ಮಾತಾಡುತ್ತಿದ್ದಳು.

"ನನ್ನ ಹಾಜರಿ ಎಷ್ಟಿದೆ? ನಿನ್ನತ್ರ ಇರ್ತದಲ್ಲ."

"ಇನ್ನು ಹದಿನಾರು ದಿನ ತಪ್ಪಿಸಬಹುದು. ಹದಿನೇಳಾದ್ರೆ ಪರೀಕ್ಷೆಗೆ ಕೂರಿಸಲ್ಲ."

"ನಾನು ದಿನಕ್ಕೆ ಎಷ್ಟು ಸಲ ಸೀನ್ತೀನಿ ಅಂತಾನೂ ಬರ್ದಿಟ್ಟಿದೀಯಾ ಮಾರಾಯ್ತಿ?"

ನಾನು ನಗಲಿಲ್ಲ. ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಇಪ್ಪತ್ತೈದು ದಿನವಾದರೆ ಅವಳ ವರ್ಷ ಹೋಗುತ್ತದೆ. ಹನ್ನೆರಡಾದರೆ ಉಳಿಯುತ್ತದೆ.

"ಟ್ಯೂಬು ಬಿಟ್ಟುಬಿಡು" ಎಂದೆ. "ಅಜ್ಜಿ ತುಪ್ಪ ಹಚ್ಚಿಕೋ. ಇಪ್ಪತ್ಮೂರು ಜನದಲ್ಲಿ ಹತ್ತೊಂಬತ್ತು ಜನಕ್ಕೆ ವಾಸಿಯಾಗಿದೆ. ಬರ್ದಿಟ್ಟಿದೀನಿ, ಬೇಕಾದ್ರೆ ನೋಡು."

"ಡಾಕ್ಟ್ರು ಬೇಡ ಅಂದಿದಾರಲ್ಲ."

"ಡಾಕ್ಟ್ರಿಗೆ ಪರೀಕ್ಷೆ ಇದ್ಯಾ?"

ಆ ಮಾತಿಗೆ ಅವಳು ಬಲಗಡೆಯ ತುಟಿಯಲ್ಲಿ ನಕ್ಕಳು. ಒಪ್ಪಿದಳು. ಸಾಹೇಬರೂ ಒಪ್ಪಿದರು. ಹದಿಮೂರು ವರ್ಷದಿಂದ ಅದನ್ನು ಮಾರುತ್ತಿದ್ದವರು ಅವರು.

ಆದರೆ ಮನೆಯಲ್ಲೂ ಅಂಗಡಿಯಲ್ಲೂ ತೊಳೆದ ತುಪ್ಪ ಮುಗಿದಿತ್ತು. ಅಜ್ಜಿ ಗುರುವಾರ ಬೆಳಿಗ್ಗೆಯ ಬಸ್ಸಿಗೆ ಶೃಂಗೇರಿಗೆ ಹೊರಟಿದ್ದಳು, ಅವಳ ಅಕ್ಕನ ಮೊಮ್ಮಗುವಿನ ನಾಮಕರಣಕ್ಕೆ. "ಭಾನುವಾರ ಬತ್ತೆ, ಬಂದು ಸೋಮವಾರ ಮಾಡಿಕೊಡುವ" ಎಂದಳು. ನನಗೆ ಆ ನಾಲ್ಕು ದಿನ ಬಿಡಲು ಮನಸ್ಸಾಗಲಿಲ್ಲ. ಹದಿನಾರರಲ್ಲಿ ನಾಲ್ಕು ಹೋದರೆ ಉಳಿಯುವುದು ಹನ್ನೆರಡು, ಒಂದು ದಿನವೂ ಹೆಚ್ಚಿರುವುದಿಲ್ಲ. ನಾನೇ ಮಾಡುತ್ತೇನೆ ಎಂದೆ. ಅಜ್ಜಿ ಬ್ಯಾಗು ಎತ್ತಿಕೊಳ್ಳುತ್ತಾ ನನ್ನನ್ನು ನೋಡಿದಳು. "ಒಂದೇ ಕೂರಿಕೆಗೆ ಆಗ್ಬೇಕು. ಬೆಳಿಗ್ಗೆ ಸುರು ಮಾಡು. ಹೊತ್ತು ಮುಳುಗೋದ್ರೊಳಗೆ ಭರಣಿಗೆ ಹಾಕು" ಎಂದಳು.

ಶುಕ್ರವಾರ ಫೆಬ್ರವರಿ ಒಂದು. ಬೆಳಿಗ್ಗೆ ಲ್ಯಾಬ್ ಇತ್ತು, ತಪ್ಪಿಸಲಿಲ್ಲ. ಎರಡೂವರೆಗೆ ಹರಿವಾಣದ ಮುಂದೆ ಕೂತೆ. ಒಂದು ಸಲ ತೊಳೆಯಲು ಮೂರು ನಿಮಿಷ ಬೇಕು. ನೂರಕ್ಕೆ ಐದು ಗಂಟೆ. ಹೊತ್ತು ಮುಳುಗುವುದರೊಳಗೆ ಆಗುವುದಿಲ್ಲ ಎಂದು ಕೂರುವಾಗಲೇ ನನಗೆ ಗೊತ್ತಿತ್ತು. ಗೊತ್ತಿದ್ದೂ ಕೂತೆ. ನೂರು ಎನ್ನುವುದು ಮುಖ್ಯ, ಹೊತ್ತು ಮುಳುಗುವುದೆಲ್ಲ ಶಾಸ್ತ್ರ ಎಂದುಕೊಂಡೆ. ಮುಸ್ಸಂಜೆ ಕಸ ಗುಡಿಸಬಾರದು, ಉಗುರು ಕತ್ತರಿಸಬಾರದು ಎನ್ನುತ್ತಾರಲ್ಲ, ಇದೂ ಅಂಥದ್ದೇ ಇರಬೇಕು. ನಾನು ವಿಜ್ಞಾನ ಓದುವವಳು. ನನಗೆ ಸಂಖ್ಯೆಯ ಮೇಲೆ ನಂಬಿಕೆ.

ಐವತ್ತರ ಹೊತ್ತಿಗೆ ಅಂಗೈ ಮರಗಟ್ಟಿತು. ಅರವತ್ತನಾಲ್ಕನೆಯದನ್ನು ಚೆಲ್ಲುವಾಗ ಅಮ್ಮ ದೇವರಿಗೆ ದೀಪ ಹಚ್ಚುತ್ತಿದ್ದಳು. ಅಪ್ಪನ ಜೊತೆ ಇಬ್ಬರು ನೆಂಟರು ಬಂದಿದ್ದರು. ಅಮ್ಮ, "ಎದ್ದು ಬಾರೆ, ಅವಲಕ್ಕಿಗೆ ಒಗ್ಗರಣೆ ಹಾಕು" ಎಂದು ಕರೆದಳು. ನಾನು ಹರಿವಾಣದ ಮೇಲೆ ಬಾಳೆಲೆ ಮುಚ್ಚಿ, ಉಳಿದ ಮೂವತ್ತಾರನ್ನು ಬೆಳಿಗ್ಗೆ ಮಾಡಿದರಾಯಿತು ಎಂದು ಎದ್ದೆ.

ಬೆಳಿಗ್ಗೆ ಎಲೆ ತೆಗೆದಾಗ ಹರಿವಾಣದ ಅಂಚಿನಲ್ಲಿ ನೂಲಿನಷ್ಟು ಹಸಿರು ಗೆರೆ ಕಂಡಿತು. ಕಿಲುಬು. ಬಟ್ಟೆಯಲ್ಲಿ ಒರೆಸಿದೆ, ಹೋಯಿತು. ತುಪ್ಪದಲ್ಲೂ ಎಳೆ ಬಾಳೆಸುಳಿಯ ಬಣ್ಣ ಇದ್ದಂತೆ ಅನ್ನಿಸಿತು. ಹದಿನೇಳು ಸಲ ತೊಳೆದೆ. ಒಟ್ಟು ಎಂಬತ್ತೊಂದು. ಬಣ್ಣ ಹೋದ ಹಾಗೆ ಕಂಡಿತು. ಕಾಲೇಜಿಗೆ ಹೊತ್ತಾಗಿತ್ತು. ಅದನ್ನು ಗಾಜಿನ ಬಾಟಲಿಗೆ ತುಂಬಿ, ನೋಟ್‌ಬುಕ್ ತೆಗೆದು, ಉಳಿದ ಹತ್ತೊಂಬತ್ತು ಗೀಟುಗಳನ್ನು ನಿಂತುಕೊಂಡೇ ಎಳೆದೆ. ಐದು ವರ್ಷದಲ್ಲಿ ನಾನು ಬರೆದ ಮೊದಲ ಸುಳ್ಳು ಲೆಕ್ಕ ಅದು. ಬರೆಯುವಾಗ ಅಳುಕಿದೆ ಎಂದು ಹೇಳಿದರೆ ಈಗ ಇನ್ನೊಂದು ಸುಳ್ಳಾಗುತ್ತದೆ. ಬಸ್‌ಸ್ಟ್ಯಾಂಡಿನಿಂದ ಒಂಬತ್ತರ ಬಸ್ಸಿನ ಹಾರನ್ ಕೇಳುತ್ತಿತ್ತು. ಬೇಗ ಬೇಗ ಎಳೆದೆ, ಅಷ್ಟೆ.

ಮಧ್ಯಾಹ್ನ ಅವಳಿಗೆ ಕೊಟ್ಟೆ. ಅವಳು ಪಟ್ಟಿ ಬಿಚ್ಚಿ ಹಚ್ಚಿಕೊಂಡಳು. "ತಣ್ಣಗಿದೆ" ಎಂದು ಕಣ್ಣು ಮುಚ್ಚಿದಳು.

ಭಾನುವಾರ ಸಂಜೆ ಅಜ್ಜಿ ಬಂದು ಕೈಕಾಲು ತೊಳೆಯುವ ಮೊದಲೇ ಕೇಳಿದಳು.

"ನೂರಾಯ್ತಾ?"

ಪುಸ್ತಕ ತೋರಿಸಿದೆ.

"ಹೊತ್ತು ಮುಳುಗೋ ಮೊದಲು ತೆಗೆದ್ಯಾ?"

"ಹೂಂ."

ಮನೆಯಲ್ಲಿ ಉಳಿದಿದ್ದ ಸ್ವಲ್ಪವನ್ನು ಅವಳು ದೀಪದ ಬೆಳಕಿನಲ್ಲಿ ನೋಡಿದಳು. "ಲಾಯ್ಕಾಗಿದೆ" ಎಂದಳು.

ಐದನೇ ತಾರೀಕು ಗೆಳತಿ, "ಉರಿ ಸುರುವಾಗಿದೆ, ಕೆರೀಬೇಕು ಅನ್ನಿಸ್ತದೆ" ಎಂದಳು. ನಾನು ಹಿಂದಿನ ಪುಟಗಳನ್ನು ತಿರುವಿ ನೋಡಿದೆ. ಇಬ್ಬರು ಮೊದಲ ದಿನಗಳಲ್ಲಿ ಉರಿ ಎಂದಿದ್ದರು, ಅವರಿಗೆ ವಾಸಿಯಾಗಿತ್ತು. "ಆಗ್ತದೆ, ಬಿಡಬೇಡ" ಎಂದೆ. ಈಗ ಆ ಎಲ್ಲ ದಿನಗಳಲ್ಲಿ ಒಂದನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಬಹುದು ಎಂದರೆ ನಾನು ಶುಕ್ರವಾರವನ್ನಲ್ಲ, ಆ ಐದನೇ ತಾರೀಕನ್ನು ತೆಗೆದುಕೊಳ್ಳುತ್ತೇನೆ. ಅಂದು ಅವಳು ಹೇಳಿದ್ದಳು, ಕಿಲುಬಿನ ವಿಷಯ ನನಗೆ ಗೊತ್ತಿತ್ತು.

ಹತ್ತನೇ ತಾರೀಕು ಬೆಳಿಗ್ಗೆ ಜ್ವರ. ಕೆನ್ನೆ ಊದಿ ಕಣ್ಣು ಅರ್ಧ ಮುಚ್ಚಿತ್ತು, ಕೀವು ತುಂಬಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಗಾಯ ಕೆರೆದು ತೊಳೆದು, "ಎಂತ ಹಚ್ಚಿದ್ರಿ?" ಎಂದು ಕೇಳಿದರಂತೆ. ಸಾಹೇಬರು "ತುಪ್ಪ" ಎಂದರಂತೆ. ಅದಕ್ಕಿಂತ ಹೆಚ್ಚಿಗೆ ಹೇಳಲು ಅವರಿಗೂ ಏನೂ ಗೊತ್ತಿರಲಿಲ್ಲ. ಹದಿನಾರು ದಿನ ಮುಗಿದವು. ಹದಿನೇಳು, ಹದಿನೆಂಟು. ಕಾಲೇಜಿನ ಬೋರ್ಡಿನಲ್ಲಿ ಹಾಜರಿ ಕಡಿಮೆಯಿದ್ದವರ ಪಟ್ಟಿ ಬಂತು. ಅವಳ ಹೆಸರು ಎರಡನೆಯದು.

ಇಪ್ಪತ್ತನೇ ತಾರೀಕು ಸಾಹೇಬರು ನಮ್ಮ ಮನೆಗೆ ಬಂದರು. ಅಂಗಡಿಯಲ್ಲಿ ಮಾರದೆ ಉಳಿದಿದ್ದ ತಲೆಎಣ್ಣೆಯ ನಾಲ್ಕು ಬಾಟಲಿಗಳನ್ನು ಪೇಪರಿನಲ್ಲಿ ಸುತ್ತಿ ತಂದಿದ್ದರು.

"ಅಮ್ಮಾ, ನಿಮ್ಮ ಮೇಲೆ ನನಗೆ ಒಂದು ಮಾತೂ ಇಲ್ಲ" ಎಂದರು. "ಹದಿಮೂರು ವರ್ಷ ಮಾರಿದೀನಿ. ಆದ್ರೆ ಇನ್ನು ಯಾರಾದ್ರೂ ಕೇಳಿದ್ರೆ ಕೊಡಕ್ಕೆ ಕೈ ಬರಲ್ಲ."

"ಸರಿಯಪ್ಪ" ಎಂದಳು ಅಜ್ಜಿ. "ಮಗೂಗೆ ಹ್ಯಾಗಿದೆ?"

"ಜ್ವರ ಬಿಟ್ಟಿದೆ. ಕಲೆ ಉಳೀತದಂತೆ." ಬಾಟಲಿಗಳನ್ನು ಜಗಲಿಯ ಮೇಲಿಟ್ಟು ಮತ್ತೆ ಹೇಳಿದರು. "ಅವಳಿಗೆ ಓದು ಆಗಿಬರಲ್ಲ ಅಂತ ಕಾಣ್ತದೆ ಅಮ್ಮಾ. ಎಷ್ಟು ಕಷ್ಟಪಟ್ಟು ಕಳಿಸ್ತಾ ಇದ್ದೆ. ಸರಿಯಾಗಿ ಪರೀಕ್ಷೆ ಹತ್ರ ಬಂದಾಗ್ಲೇ ಹಿಂಗೆ ಆಗ್ಬೇಕಾ?"

ನಾನು ಬಾಗಿಲ ಹಿಂದೆ ನಿಂತಿದ್ದೆ. ಅದು ವಿಧಿಯಲ್ಲ, ನಾನು ಎಂದು ಹೇಳುವ ಸಮಯ ಅದೇ ಆಗಿತ್ತು. ಹೇಳಲಿಲ್ಲ.

ಅಜ್ಜಿ ಬದಲಾದಳು. ತನ್ನ ಕೈಗುಣ ಹೋಯಿತೆಂದು ಅವಳಿಗೆ ನಂಬಿಕೆಯಾಯಿತು. ಊರಲ್ಲಿ ಹಾಗೆ ಮಾತಾಡಿಕೊಂಡವರು ಇದ್ದರು, ಆದರೆ ಎಲ್ಲರಿಗಿಂತ ಮೊದಲು ಹಾಗೆ ಅಂದದ್ದು ಅವಳೇ. ಪಕ್ಕದ ಮನೆಯವರು ಹನ್ನೊಂದು ದಿನದ ಮಗುವಿಗೆ ಕಾಡಿಗೆ ಮಾಡಿಕೊಡಿ ಎಂದು ಬಂದಾಗ, "ಬೇಡ ಮಾರಾಯ್ತಿ, ನನ್ನ ಕೈ ಈಗ ಸರಿ ಇಲ್ಲ. ಶೃಂಗೇರಿ ಕಡೆ ಯಾರನ್ನಾದ್ರೂ ಕೇಳು" ಎಂದು ಕಳಿಸಿದಳು. "ತುಪ್ಪ ಮಾಡಿದ್ದು ನಾನಲ್ವಾ ಅಜ್ಜಿ" ಎಂದೆ, ಅಷ್ಟು ಹೇಳುವ ಧೈರ್ಯವಿತ್ತು. "ನೀನು ಮಾಡಿದ್ದು ಸರಿಯಾಗೇ ಇತ್ತು. ನೂರೂ ಇತ್ತು, ಹೊತ್ತಿಗೆ ಸರಿಯಾಗಿ ತೆಗೆದೂ ಇದ್ದೆ. ಹೇಳಿಕೊಟ್ಟವಳು ನಾನು. ನನ್ನ ದೆಸೆಯೇ ಮುಗೀತು" ಎಂದಳು. ಹರಿವಾಣವನ್ನು ತೊಳೆದು ಅಟ್ಟಕ್ಕೆ ಹಾಕಿಸಿದಳು.

ಈ ದಿನಗಳ ಬಗ್ಗೆ ದಿನಚರಿಯಲ್ಲಿ ಏನಿದೆ ಎಂದು ನೋಡಿದರೆ ನಾಚಿಕೆಯಾಗುತ್ತದೆ. ಕಾಲೇಜಿಗೆ ಹೋದದ್ದು, ಬಂದದ್ದು, ಓದಿದ ಪಾಠಗಳ ಸಂಖ್ಯೆ ಇದೆ. ಅವಳ ಮನೆಗೆ ಐದು ಸಲ ಹೋದದ್ದೂ ಇದೆ. ಹೋಗಿ ಏನು ಮಾತಾಡಿದೆ ಎಂದು ಇಲ್ಲ.

ಫೆಬ್ರವರಿ ಇಪ್ಪತ್ತೊಂಬತ್ತು. ಕಾಲೇಜಿನಿಂದ ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಬಸರೀಕಟ್ಟೆಯ ಹೆಂಗಸೊಬ್ಬಳು ಕಂಡಳು. ಎಸ್ಟೇಟಿನಲ್ಲಿ ಕೂಲಿ ಮಾಡುವವಳು. ಹಿಂದಿನ ವರ್ಷ ಬಿಸಿನೀರಿನ ಹಂಡೆ ತಾಗಿ ಮುಂಗೈ ಸುಟ್ಟುಕೊಂಡು ತುಪ್ಪ ಒಯ್ದಿದ್ದಳು. ಮತ್ತೆ ಬಾರದ ನಾಲ್ವರಲ್ಲಿ ಅವಳೂ ಒಬ್ಬಳು. ಅವಳು ತರಕಾರಿ ಚೀಲ ಇಳಿಸುವಾಗ ಆ ಮುಂಗೈ ಕಂಡಿತು. ಮಣಿಕಟ್ಟಿನಿಂದ ಮೇಲಕ್ಕೆ ಚರ್ಮ ಸುಕ್ಕುಗಟ್ಟಿ ಎಳೆದುಕೊಂಡಿತ್ತು.

"ವಾಸಿ ಆಗ್ಲಿಲ್ವಾ?" ಎಂದು ಕೇಳಿದೆ.

"ಎಲ್ಲಿ ಆಗ್ತದೆ? ಕಡೆಗೆ ಆಸ್ಪತ್ರೆಗೇ ಹೋದೆ."

"ಬಂದು ಹೇಳ್ಬಾರ್ದಿತ್ತಾ?"

ಅವಳು ನಕ್ಕಳು. "ವಾಸಿ ಆಗ್ಲಿಲ್ಲ ಅಂತ ಹೇಳಕ್ಕೆ ಬಸ್ ಚಾರ್ಜು ಕೊಟ್ಕೊಂಡು ಯಾರು ಬರ್ತಾರೆ ಕೂಸೇ?"

ನಾನು ಮನೆಗೆ ಹೋಗಲಿಲ್ಲ. ಪುಸ್ತಕಗಳನ್ನು ಹಿಡಿದುಕೊಂಡೇ ಗೆಳತಿಯ ಮನೆಗೆ ಹೋದೆ. ಇಪ್ಪತ್ಮೂರರಲ್ಲಿ ಹತ್ತೊಂಬತ್ತು ಎಂದು ನಾನು ಅಷ್ಟು ಜಂಬದಿಂದ ಹೇಳಿದ್ದೆ. ಅದು ಚೆನ್ನಾಗಿದೆ ಎಂದು ಹೇಳಲು ಮರಳಿ ಬಂದವರ ಲೆಕ್ಕವಾಗಿತ್ತು. ಆಗದವರಿಗೆ ನನ್ನ ಪುಸ್ತಕದಲ್ಲಿ ಜಾಗವೇ ಇರಲಿಲ್ಲ.

ಅವಳು ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದಳು. ಪಟ್ಟಿ ಇರಲಿಲ್ಲ. ಕೆನ್ನೆಯ ಮೇಲೆ ಕಂದು ಕಪ್ಪಿನ ಕಲೆ, ಅಂಚಿನಲ್ಲಿ ಗುಲಾಬಿ ಬಣ್ಣ. ಎಲ್ಲ ಹೇಳಿದೆ. ಎಂಬತ್ತೊಂದು, ರಾತ್ರಿಯಿಡೀ ತಾಮ್ರದಲ್ಲಿ ಇಟ್ಟದ್ದು, ಹಸಿರು ಗೆರೆ, ಸುಳ್ಳು ಗೀಟುಗಳು, ಉರಿ ಎಂದಾಗ ಬಿಡಬೇಡ ಎಂದದ್ದು. ಅವಳು ಹಿಂಡಿದ ಬಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದಳು.

"ಅದು ನೂರೇ ಆಗಿದ್ದಿದ್ರೆ, ತಾಮ್ರದಲ್ಲಿ ಇಡದೇ ಇದ್ದಿದ್ರೆ, ವಾಸಿ ಆಗ್ತಿತ್ತಾ?"

"ಗೊತ್ತಿಲ್ಲ."

"ನಿನಗೆ ಗೊತ್ತಿಲ್ಲದ್ದೂ ಒಂದಿದೆ ಅಂತಾಯ್ತು."

ಅವಳು ಬೈದಿದ್ದರೆ ಸುಲಭವಾಗುತ್ತಿತ್ತು. ಬಟ್ಟೆಯನ್ನು ಕೊಡವಿ ಹಗ್ಗದ ಮೇಲೆ ಹಾಕಿದಳು. ಆಮೇಲೆ ತಿರುಗಿ, "ನಮ್ಮ ಅಬ್ಬನಿಗೆ ಹೇಳು" ಎಂದಳು. "ನರಸಿಂಹರಾಜಪುರದವರು ಬಂದು ನೋಡ್ಕೊಂಡು ಹೋಗಿದಾರೆ. ಅಬ್ಬ ನನಗೆ ಇನ್ನೂ ಎಂತದೂ ಹೇಳಿಲ್ಲ. ಓದು ನನಗೆ ಆಗಿಬರಲ್ಲ ಅಂತ ಅವರ ತಲೇಲಿ ಕೂತಿದೆ. ನೀನು ಮಾಡಿದ್ದರಿಂದ ಆಯ್ತು ಅಂತ ಗೊತ್ತಾದ್ರೆ ಬರೋ ವರ್ಷ ಮತ್ತೆ ಕೂರಿಸ್ಬಹುದು. ಇವತ್ತು ಶುಕ್ರವಾರ, ಅಂಗಡಿ ಮುಚ್ಚಿದೆ, ಅಬ್ಬ ಊರಲ್ಲಿಲ್ಲ. ನಾಳೆ ಬೆಳಿಗ್ಗೆನೇ ಹೋಗು."

ಮನೆಗೆ ಬಂದು ಅಜ್ಜಿಗೆ ಹೇಳಿದೆ. ಅವಳು ಹೂಬತ್ತಿ ಹೊಸೆಯುತ್ತಿದ್ದಳು. ನಾನು ಹೇಳಿ ಮುಗಿಸುವವರೆಗೆ ಕೈ ನಿಲ್ಲಲಿಲ್ಲ.

"ನಾನು ಮೂಸಿ ನೋಡ್ಬೇಕಿತ್ತು" ಎಂದಳು. "ಕಿಲುಬು ಹತ್ತಿದ್ದಕ್ಕೆ ಒಂದು ನಾತ ಇರ್ತದೆ. ನಿನ್ನ ಪುಸ್ತಕ ನೋಡಿ ಸುಮ್ಮನಾದೆ."

"ಹೊತ್ತು ಮುಳುಗೋದ್ರೊಳಗೆ ಅಂದಿದ್ದು ಕಿಲುಬಿಗೆ ಅಂತ ನೀನು ಮೊದಲೇ ಹೇಳ್ಬಾರ್ದಿತ್ತಾ ಅಜ್ಜಿ?"

"ಹೇಳಿದ್ರೆ ಎಂತ ಮಾಡ್ತಿದ್ದೆ? ಚಳಿಗಾಲದಲ್ಲಿ ಅಷ್ಟು ಬೇಗ ಕಿಲುಬು ಬರಲ್ಲ ಅಂತಿದ್ದೆ. ಕಾರಣ ಹೇಳಿದ್ರೆ ಜನ ಅದರ ಜೊತೆ ಚೌಕಾಸಿಗೆ ನಿಲ್ತಾರೆ. ನಮ್ಮಪ್ಪ ಅದಕ್ಕೇ ಬರೆದಿಲ್ಲ." ಇನ್ನೊಂದು ಬತ್ತಿ ಹೊಸೆದು ಹೇಳಿದಳು. "ಇಷ್ಟು ದಿನ ನನ್ನ ಕೈ ಅಂತ ತಿಳ್ಕೊಂಡಿದ್ದೆನಲ್ಲೇ. ಅದನ್ನೂ ನೋಡ್ತಾ ಕೂತಿದ್ಯಾ ನೀನು?"

ಹೊಸೆದ ಬತ್ತಿಗಳನ್ನು ಅವಳು ಡಬ್ಬಕ್ಕೆ ತುಂಬಿದಳು. "ನಾಳೆ ನಾನೂ ಬತ್ತೆ" ಎಂದಳು.

ಮಾರ್ಚ್ ಒಂದು, ಶನಿವಾರ. ನಾವು ಹೋದಾಗ ಸಾಹೇಬರು ಒಬ್ಬ ಹೆಂಗಸಿಗೆ ಬಳೆ ತೊಡಿಸುತ್ತಿದ್ದರು. ಅವಳ ಬೆರಳುಗಳನ್ನು ಒತ್ತಿ ಮಡಿಸಿ ಒಂದೊಂದೇ ಬಳೆ ಏರಿಸುತ್ತಾ, "ಕೂತ್ಕೊಳಿ ಅಮ್ಮಾ" ಎಂದರು. ಆ ಹೆಂಗಸು ಹೋಗುವವರೆಗೆ ಕಾದೆವು. ಆಮೇಲೆ ನಾನು ಹೇಗೆ ಆಯಿತೋ ಹಾಗೇ ಹೇಳಿದೆ. ಒಂದನ್ನೂ ಬಿಡಲಿಲ್ಲ. ಅವರು ಗಿರಾಕಿಗಾಗಿ ತೆಗೆದಿದ್ದ ಬಳೆಗಳನ್ನು ಮತ್ತೆ ದಾರಕ್ಕೆ ಪೋಣಿಸುತ್ತಾ ಕೇಳುತ್ತಿದ್ದರು.

"ಜ್ವರ ಬಂದ ದಿನ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು."

"ಅವತ್ತೇ ಹೇಳಿದ್ರೆ ಡಾಕ್ಟ್ರಿಗೆ ತಾಮ್ರ ಅಂತಾದ್ರೂ ಹೇಳ್ತಿದ್ದೆ." ಅವರ ದನಿ ಏರಲಿಲ್ಲ. "ಓದಿದವಳು ನೀನು."

ಅಜ್ಜಿ ಹೇಳಿದಳು. "ಸಾಹೇಬ್ರೇ, ಮಗೂದು ಎಂತದೂ ತಪ್ಪಿಲ್ಲ, ಓದಿನದೂ ತಪ್ಪಿಲ್ಲ. ಆಗಿದ್ದು ನಮ್ಮ ಮನೇಲಿ. ಅವಳನ್ನ ಮತ್ತೆ ಕಾಲೇಜಿಗೆ ಕಳಿಸಿ. ಅದನ್ನ ಕೇಳಕ್ಕೇ ಬಂದಿದ್ದು ನಾನು."

ಸಾಹೇಬರು ದಾರದ ತುದಿಗೆ ಗಂಟು ಹಾಕಿ ಬಳೆಗಳನ್ನು ಮೊಳೆಗೆ ಸಿಕ್ಕಿಸಿದರು. "ಹೋದ ಭಾನುವಾರ ಮಾತು ಕೊಟ್ಟೆ ಅಮ್ಮಾ" ಎಂದರು. "ಕಲೆ ನೋಡಿಯೂ ಒಪ್ಪಿದ್ರು. ಇನ್ನೊಬ್ರು ಒಪ್ತಾರೆ ಅಂತ ನಾನು ಯಾವ ಧೈರ್ಯದ ಮೇಲೆ ಕಾಯ್ಲಿ? ಒಂದು ವಾರ ಮುಂಚೆ ಬಂದಿದ್ರೆ ಬೇರೆ ಮಾತು. ಕೊಟ್ಟ ಮಾತನ್ನ ಈಗ ಯಾವ ಬಾಯಲ್ಲಿ ವಾಪಸ್ ತಗೊಳ್ಲಿ?"

ಹತ್ತನೇ ತಾರೀಕಿನಿಂದ ಹತ್ತೊಂಬತ್ತು ದಿನ ನಾನು ಸುಮ್ಮನಿದ್ದೆ. ಅವರು ಮಾತು ಕೊಟ್ಟದ್ದು ಹದಿನಾಲ್ಕನೇ ದಿನ. ಆ ಲೆಕ್ಕಕ್ಕೆ ನನಗೆ ಪುಸ್ತಕ ಬೇಕಾಗಲಿಲ್ಲ.

ಗೆಳತಿಗೆ ಆ ಸುದ್ದಿ ಹೇಳಿದವಳೂ ನಾನೇ. "ಹೌದಾ" ಎಂದಳು. ಮತ್ತೆ ಒಳಗೆ ಹೋದಳು. ಏಪ್ರಿಲ್‌ನಲ್ಲಿ ನಾನು ಪರೀಕ್ಷೆ ಬರೆದೆ. ಸಾಲಿನಲ್ಲಿ ಅವಳ ಬೆಂಚು ಎಲ್ಲಿರುತ್ತಿತ್ತು ಎಂದು ನಂಬರು ನೋಡಿ ಹುಡುಕಿದೆ. ನಂಬರುಗಳನ್ನು ಮುಂದಕ್ಕೆ ಸರಿಸಿದ್ದರು, ಖಾಲಿ ಬೆಂಚು ಇರಲಿಲ್ಲ.

ಮದುವೆ ಮೇ ತಿಂಗಳಲ್ಲಿ ನರಸಿಂಹರಾಜಪುರದಲ್ಲಿ ನಡೆಯಿತು. ಸಾಹೇಬರು ನಮ್ಮ ಮನೆಗೆ ಬಂದು ಕರೆದು ಹೋಗಿದ್ದರು. ಅಜ್ಜಿಯೂ ನಾನೂ ಹೋದೆವು. ಹೆಂಗಸರ ಕೋಣೆಯಲ್ಲಿ ಅವಳು ಮದರಂಗಿ ಹಾಕಿದ ಕೈಗಳನ್ನು ಮಡಿಲಲ್ಲಿಟ್ಟು ಕೂತಿದ್ದಳು. ಅವಳ ಸೋದರತ್ತೆಯೊಬ್ಬಳು ಪೌಡರಿನ ಡಬ್ಬ ಹಿಡಿದುಕೊಂಡು, ಕಲೆ ಮುಚ್ಚುವಷ್ಟು ಹಚ್ಚಬೇಕೆಂದು ಹೆಣಗುತ್ತಿದ್ದಳು. ಪೌಡರು ಕಲೆಯ ಮೇಲೆ ನಿಲ್ಲದೆ ಉದುರುತ್ತಿತ್ತು.

"ಅವಳಿಗೆ ಕೊಡಿ" ಎಂದು ಗೆಳತಿ ನನ್ನ ಕಡೆ ಗದ್ದ ಎತ್ತಿ ತೋರಿಸಿದಳು.

ನಾನು ಅವಳ ಎಡಗಡೆ ಮೊಣಕಾಲೂರಿ ಕೂತೆ. ಕಲೆಯ ಚರ್ಮ ನಯವಾಗಿ, ಬಿಗಿಯಾಗಿ, ಬೆರಳಿಗೆ ಬೇರೆಯೇ ಅನ್ನಿಸುತ್ತಿತ್ತು. ಕೈ ಒದ್ದೆ ಮಾಡಿಕೊಂಡು ತೆಳುವಾಗಿ ಒಂದು ಸಲ ಹಚ್ಚಿದೆ. ಒಣಗಿದ ಮೇಲೆ ಇನ್ನೊಂದು ಸಲ. ಮತ್ತೊಂದು ಸಲ. ಕಪ್ಪು ಬೂದಿಬಣ್ಣವಾಯಿತೇ ಹೊರತು ಹೋಗಲಿಲ್ಲ. ನಾಲ್ಕನೆಯದಕ್ಕೆ ಕೈ ಎತ್ತಿದಾಗ ಅವಳು ನನ್ನ ಮಣಿಕಟ್ಟು ಹಿಡಿದಳು.

"ಸಾಕು ಬಿಡು ಮಾರಾಯ್ತಿ. ಅವರು ಇದನ್ನ ನೋಡೇ ಒಪ್ಪಿದ್ದು."

ಹೊರಗಿನಿಂದ ಯಾರೋ ಅವಳನ್ನು ಕರೆದರು. ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡು ಎದ್ದಳು.